ಸಣ್ಣ ಸೂಜಿಯ ಅಜ್ಜಿ

“ಇದಕ್ಕೆ ಬಣ್ಣ ಹಚ್ಚಿದ್ದು ಯಾರು?”

ಕೇಳಿದ್ದು ಅವಳೇ. ಆದರೆ ಆ ದನಿ ತನ್ನದು ಅಂತ ಅವಳಿಗೇ ಅನ್ನಿಸಲಿಲ್ಲ.

ಉದ್ದನೆಯ ಮೇಜಿನ ಮೇಲೆ, ಸ್ಪರ್ಧೆಗಿಟ್ಟ ಹತ್ತಾರು ಪುಟ್ಟ ಬೊಂಬೆಗಳ ನಡುವೆ, ಅಂಗೈಯಷ್ಟು ಎತ್ತರದ ಒಬ್ಬ ಅಜ್ಜಿ ಕೂತಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಕಣ್ಣು ಕಿರಿದು ಮಾಡಿ, ನಾಲಿಗೆಯ ತುದಿ ಹೊರಗೆ ಹಾಕಿ, ಲೋಕವೇ ಮುಳುಗಿದರೂ ಪೋಣಿಸಿಯೇ ಏಳುತ್ತೇನೆ ಎಂಬ ಹಟದಲ್ಲಿ.

ಆ ಅಜ್ಜಿಯನ್ನು ಜೇಡಿಮಣ್ಣಿನಲ್ಲಿ ತಿದ್ದಿ ತೀಡಿ ಮಾಡಿದವಳು ಅವಳೇ. ಅದು ಅವಳ ಸ್ವಂತ ಅಜ್ಜಿ. ಮಣ್ಣಿನ ಬೊಂಬೆಯಿಂದ ರಬ್ಬರ್ ಅಚ್ಚು ತೆಗೆದು, ಅಚ್ಚಿಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಎರೆದು, ಬಿಡಿ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದು ಅವಳ ಕಸುಬು. ಕೊಂಡವರು ಮನೆಯಲ್ಲಿ ಅಂಟಿಸಿ, ಬಣ್ಣ ಹಚ್ಚಿ, ವರ್ಷಕ್ಕೊಮ್ಮೆ ಈ ಪ್ರದರ್ಶನಕ್ಕೆ ತರುತ್ತಾರೆ. ಹವ್ಯಾಸಿಗಳ ಸಂಘ ಚಿಕ್ಕದು. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಶಿಲ್ಪಿ’ ಎಂದೇ.

ಬಣ್ಣ ಹಚ್ಚಿದ ಎಷ್ಟೋ ಅಜ್ಜಿಯರನ್ನು ಅವಳು ನೋಡಿದ್ದಳು. ಆದರೆ ಈ ಅಜ್ಜಿಯ ಮೂಗಿನ ಎರಡೂ ಪಕ್ಕದಲ್ಲಿ, ಕನ್ನಡಕ ತೆಗೆದಿಟ್ಟ ಮೇಲೆ ಉಳಿಯುವ ಎರಡು ಪುಟ್ಟ ಗುಳಿಗಳಿಗೆ ಯಾರೋ ಎಳೆಗೆಂಪು ಮುಟ್ಟಿಸಿದ್ದರು.

ಆ ಗುಳಿಗಳನ್ನು ಅವಳು ಉಸಿರು ಬಿಗಿಹಿಡಿದು ಒತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಯಾರಿಗೂ ಕಂಡಿರಲಿಲ್ಲ. ಎಲ್ಲರೂ ಚರ್ಮದ ಬಣ್ಣ ಬಳಿದು ಮುಂದೆ ಹೋಗಿದ್ದರು.

ಇವರು ನನ್ನ ಅಜ್ಜಿಯನ್ನು ನಿಜವಾಗಿ ನೋಡಿದ್ದಾರೆ ಅನ್ನಿಸಿತು ಅವಳಿಗೆ.

“ನಾನೇ,” ಅಂದಿತು ಹಿಂದಿನಿಂದ ಒಂದು ದನಿ.

ತಿರುಗಿದಳು. ತೋಳು ಮಡಿಸಿದ ಅಂಗಿ, ಜೇಬಿನಿಂದ ಇಣುಕುವ ಹಳದಿ ಬಟ್ಟೆ, ಹೊಗಳಿಕೆ ಬಂದರೆ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದ ಮುಖ.

“ಆ ಗುಳಿ... ಹೇಗೆ ಕಾಣಿಸ್ತು ನಿಮಗೆ?”

“ಕನ್ನಡಕದ ಅಂಗಡೀಲಿ ಕೆಲಸ ನಂದು. ದಿನಾ ನೋಡೋದು ಜನರ ಮೂಗನ್ನೇ.” ಅವನು ನಕ್ಕ. “ಈ ಅಜ್ಜಿ ಕನ್ನಡಕ ಬೇಕಂತಲೇ ತೆಗೆದಿಟ್ಟಿದಾರೆ, ಅಲ್ವಾ? ಹಾಕ್ಕೊಂಡು ಪೋಣಿಸಿದ್ರೆ ಸೋತ ಹಾಗೆ ಅಂತ.”

ಅವಳ ಅಜ್ಜಿ ಬದುಕಿದ್ದಾಗ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಮಾತು. ಅವಳ ಎದೆಯಲ್ಲಿ ಏನೋ ಮೆಲ್ಲಗೆ ಅಲುಗಿತು. ಆ ಗಳಿಗೆ ಅಲ್ಲಿಗೇ ನಿಂತಿದ್ದರೆ ಈ ಕಥೆ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಅವಳ ಕಣ್ಣು ಸೂಜಿಯ ಮೇಲೆ ಬಿತ್ತು.

ಸೂಜಿ ತೀರಾ ಸಣ್ಣದಿತ್ತು.

ಈ ಸಣ್ಣ ಸಂಗತಿಗೆ ದೊಡ್ಡ ಹಿನ್ನೆಲೆಯಿದೆ. ಹೋದ ವರ್ಷ ಯಾರೋ ಅವಳ ಅಜ್ಜಿಯನ್ನು ಕೊಂಡು, ಅದರಿಂದಲೇ ಅಚ್ಚು ಮಾಡಿ, ನಕಲಿಗಳನ್ನು ಕಾಲು ಬೆಲೆಗೆ ಮಾರತೊಡಗಿದ್ದರು. ಎರಕದಿಂದ ಅಚ್ಚು, ಆ ಅಚ್ಚಿನಿಂದ ಮತ್ತೆ ಎರಕ... ಪ್ರತಿ ಸಲವೂ ಬೊಂಬೆ ಕೂದಲೆಳೆಯಷ್ಟು ಕುಗ್ಗುತ್ತದೆ, ಮುಖ ಸವೆಯುತ್ತದೆ, ಸೂಜಿ ಹಿಡಿಯುವ ಬೆರಳಿನ ತೂತು ಕಟ್ಟಿಕೊಳ್ಳುತ್ತದೆ. ಅವಳ ಮಾರಾಟ ಬಿದ್ದುಹೋಗಿತ್ತು. ಅದಕ್ಕಿಂತ ನೋವಿನದ್ದು, ಅಪರಿಚಿತನೊಬ್ಬ “ನಿಮ್ಮ ಕೈ ಯಾಕೋ ಮೊದಲಿನ ಹಾಗಿಲ್ಲ, ಅಜ್ಜಿಗೆ ಮೂಗೇ ಇಲ್ಲ” ಎಂದು ಬರೆದದ್ದು. ಪಾಪ, ಅವನು ಕೊಂಡದ್ದು ನಕಲಿ ಎಂದು ಅವನಿಗೇ ಗೊತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ಅವಳು ಸಂಘದವರಿಗೆಲ್ಲ ಒಂದು ಗುರುತು ಬರೆದು ಕಳಿಸಿದ್ದಳು. ಪೆಟ್ಟಿಗೆಯಲ್ಲಿರುವ ಉಕ್ಕಿನ ತಂತಿಯೇ ಸೂಜಿ. ಅದು ಅಜ್ಜಿಯ ಬೆರಳಿನ ತೂತಿನಲ್ಲಿ ಸಲೀಸಾಗಿ ಕೂರಬೇಕು. ಕೂರದಿದ್ದರೆ ನಕಲಿ.

“ಈ ತಂತಿ ಎಲ್ಲಿಂದ ಬಂತು?” ಅವಳ ದನಿ ಬದಲಾಗಿತ್ತು.

“ಪೆಟ್ಟಿಗೇಲೇ ಇತ್ತು.”

“ನನ್ನ ಪೆಟ್ಟಿಗೇಲಿ ಇಷ್ಟು ಸಣ್ಣ ತಂತಿ ಇರಲ್ಲ.”

ಚೀಲದಿಂದ ತನ್ನ ತಂತಿ ತೆಗೆದಳು. ಅಜ್ಜಿಯ ಬೆರಳಿಗೆ ಹಿಡಿದಳು. ಹೋಗಲಿಲ್ಲ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

“ಎಲ್ಲಿ ತಗೊಂಡ್ರಿ ಇದನ್ನ?”

ಅವನ ಕೈ ಜೇಬಿನ ಹಳದಿ ಬಟ್ಟೆಗೆ ಹೋಯಿತು.

ಅದು ಅವನು ಕೊಂಡದ್ದಲ್ಲ. ಅವನ ಅಕ್ಕ ಕೊಟ್ಟ ಉಡುಗೊರೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಬಟ್ಟೆ ಹೊಲಿದು ಅವನನ್ನು ಬೆಳೆಸಿದ ಅಕ್ಕ. “ಸೂಜಿ ಹಿಡಿದ ಮುದುಕಿ ಕಣೋ, ನನ್ನ ಹಾಗೇ ಇದಾಳೆ” ಎಂದು ನಗುತ್ತ ಪೆಟ್ಟಿಗೆ ಅವನ ಮಡಿಲಿಗೆ ಹಾಕಿದ್ದಳು. ಅಕ್ಕ ಕಡಿಮೆಗೆ ಸಿಗುತ್ತೆ ಅಂತ ಎಲ್ಲಾದರೂ... ಅವನಿಗೆ ಮುಂದೆ ಯೋಚಿಸಲು ಇಷ್ಟವಾಗಲಿಲ್ಲ. ಅಕ್ಕನ ಹೆಸರು ಈ ಗುಂಪಿನ ಬಾಯಿಗೆ ಬೀಳುವುದಂತೂ ಬೇಡವೇ ಬೇಡ.

“ನಾನೇ ತಗೊಂಡೆ,” ಅಂದ. “ತಪ್ಪು ನಂದೇ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಳ್ಳೋರನ್ನ ನೋಡಿದ್ದೆ. ಇವರು ಒಪ್ಪಿಕೊಂಡೇ ಬಿಟ್ರಲ್ಲಪ್ಪ,” ಎಂದು ಯಾರೋ ಹಿಂದಿನಿಂದ ನಕ್ಕರು.

ಸಂಘದ ಕಾರ್ಯದರ್ಶಿ ಮುಂದೆ ಬಂದರು. “ನಿಯಮ ಗೊತ್ತಲ್ಲ? ನಕಲಿ ತಂದವರನ್ನ ಸಂಘದಲ್ಲಿ ಇಟ್ಕೊಳ್ಳೋ ಹಾಗಿಲ್ಲ. ದಯವಿಟ್ಟು...”

ಅವನು ಜೇಬಿನ ಹಳದಿ ಬಟ್ಟೆ ತೆಗೆದು ಅಜ್ಜಿಯನ್ನು ಜೋಪಾನವಾಗಿ ಸುತ್ತಿದ. ಹೊರಡುವಾಗ ಅವಳ ಮುಂದೆ ಒಂದು ಕ್ಷಣ ನಿಂತ.

“ಮೂಗು ತುಂಬಾ ಚೆನ್ನಾಗಿ ಮಾಡಿದೀರಿ,” ಅಂದು ಹೊರಟುಹೋದ.

ಗೆದ್ದವಳು ಅವಳು. ಆದರೆ ಅವತ್ತು ಮನೆಗೆ ಬಂದು ಅಮ್ಮನಿಗೆ ಏನೂ ಹೇಳದೆ ಸುಮ್ಮನೆ ಗೋಡೆ ನೋಡುತ್ತ ಕೂತಳು.

ಅಮ್ಮ ಅಂದರೆ ಅವಳ ಕಾರ್ಖಾನೆಯ ಅರ್ಧಭಾಗ. ಮೊದಲು ಮೇಣದಬತ್ತಿ ಮಾಡಿ ಮಾರುತ್ತಿದ್ದ ಕೈ. ಈಗ ರೆಸಿನ್ ಕಲಸುವುದು, ಅಚ್ಚಿಗೆ ಎರೆಯುವುದು, ಪೆಟ್ಟಿಗೆ ಕಟ್ಟುವುದು ಎಲ್ಲ ಅಮ್ಮನದೇ. ಮಗಳ ಕೈ ಮಣ್ಣಿನವರೆಗೆ ಮಾತ್ರ.

ಕೆಲವು ದಿನ ಕಳೆದು ಅಮ್ಮ ತನ್ನ ಕನ್ನಡಕ ಮುರಿದುಕೊಂಡಳು.

“ಕುರ್ಚಿ ಮೇಲೆ ಇಟ್ಟಿದ್ದೆ. ಅದು ಹೇಗೆ ಮುರೀತೋ ಏನೋ.”

“ಆಮೇಲೆ ಕುರ್ಚಿ ಮೇಲೆ ಕೂತವರು ಯಾರಮ್ಮಾ?”

“ನನ್ನ ಕುರ್ಚಿ. ನಾನಲ್ದೆ ಪಕ್ಕದ ಮನೆಯವಳು ಕೂರ್ತಾಳಾ?”

ಪೇಟೆಬೀದಿಯಲ್ಲಿ ಮೊದಲು ಕಂಡ ಕನ್ನಡಕದ ಅಂಗಡಿಗೆ ಅಮ್ಮ ನುಗ್ಗಿದಳು. ಹಿಂದೆಯೇ ಹೋದ ಅವಳ ಕಾಲು ಬಾಗಿಲಲ್ಲೇ ನಿಂತಿತು. ಗಾಜಿನ ಮೇಜಿನ ಆಚೆ ಅವನು ನಿಂತಿದ್ದ.

ಅವನೂ ನೋಡಿದ. ಗುರುತು ಹಿಡಿದ. ಆಮೇಲೆ ಅಮ್ಮನ ಕಡೆ ತಿರುಗಿ, “ಬನ್ನಿ ಅಮ್ಮಾ, ಕೂತ್ಕೊಳ್ಳಿ,” ಅಂದ. ಅಷ್ಟೇ.

ಒಂದು ಚುಚ್ಚುಮಾತು ಆಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಆಡಲಿಲ್ಲ. ಅಮ್ಮನ ಗಲ್ಲ ಹಿಡಿದು, ಕಣ್ಣಿನ ನಡುವಿನ ಅಂತರ ಅಳೆದು, ಕಿವಿಯ ಹಿಂದೆ ಚರ್ಮ ಕೆಂಪಾಗಿದೆ, ಹಳೆಯದು ಬಿಗಿಯಾಗಿತ್ತು ಅಲ್ವಾ ಎಂದು ಕೇಳಿದ. ಅಮ್ಮ ಅಲ್ಲೇ ಕರಗಿದಳು.

“ಮದುವೆ ಆಗಿದೆಯೇನಪ್ಪಾ?”

“ಅಮ್ಮಾ...” ಮಗಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

“ಇಲ್ಲ ಅಮ್ಮಾ. ಮನೇಲಿ ಅಕ್ಕ ಇದಾಳೆ. ನನ್ನನ್ನ ಬೈಯೋಕೆ ಅವಳೊಬ್ಬಳೇ ಸಾಕು.”

ಅಮ್ಮ ಕನ್ನಡಿಯ ಮುಂದೆ ಚೌಕಟ್ಟು ಬದಲಾಯಿಸುತ್ತ ಕೂತಾಗ, ಅವಳು ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಆ ಅಜ್ಜಿನ ಏನು ಮಾಡಿದ್ರಿ?”

“ಮನೇಲಿದಾರೆ. ಒಡೀಬೇಕಾ? ಸಂಘದಲ್ಲಿ ಎಲ್ಲರೂ ಹಾಗೇ ಮಾಡ್ತಾರಂತಲ್ಲ.”

“ಬೇಡ.” ಮಾತು ತಾನಾಗಿ ಬಂತು. “ಅವಳದ್ದೇನು ತಪ್ಪು?”

“ನಾನೂ ಹಾಗೇ ಅಂದ್ಕೊಂಡೆ,” ಅಂದ ಅವನು, ಗಾಜು ಒರೆಸುತ್ತ.

ಕನ್ನಡಕ ಬಂತು. ಒಂದು ವಾರ ಅದನ್ನು ಬಿಗಿ ಮಾಡಿಸಬೇಕಾಯಿತು. ಮುಂದಿನ ವಾರ ಸಡಿಲ ಮಾಡಿಸಬೇಕಾಯಿತು. ಆಮೇಲೆ ತಿರುಪು ಕಳಚಿತು. ಪ್ರತಿ ಸಲವೂ ಅಂಗಡಿಗೆ ಹೋದವಳು ಮಗಳೇ. ಒಂದು ಕನ್ನಡಕಕ್ಕೆ ಇಷ್ಟೊಂದು ಕಾಯಿಲೆ ಬರುವುದನ್ನು ಅಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಏನೂ ಕೇಳಲಿಲ್ಲ. ಹೊಸ ಗಾಜು ಬಂದ ಮೇಲೆ ಅವಳಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಮಧ್ಯಾಹ್ನ ಅಂಗಡಿಗೆ ಬಿಡುವಾದಾಗ ಇಬ್ಬರೂ ಹೊರಗಿನ ಕಲ್ಲುಬೆಂಚಿನ ಮೇಲೆ ಚಹಾ ಹಿಡಿದು ಕೂರುತ್ತಿದ್ದರು.

“ಹೊಸದೇನು ಮಾಡ್ತಿದೀರಿ?” ಒಮ್ಮೆ ಅವನು ಕೇಳಿದ.

“ಏನೂ ಇಲ್ಲ. ಮಣ್ಣು ಒಣಗ್ತಾ ಕೂತಿದೆ.” ಅವಳು ಲೋಟದೊಳಗೆ ನೋಡಿದಳು. “ಏನು ಮಾಡಿದ್ರೂ ತಿಂಗಳೊಳಗೆ ಇನ್ಯಾರದೋ ಅಚ್ಚಲ್ಲಿ ಇರುತ್ತೆ. ಮೊದಲೆಲ್ಲ ಯಾರಾದ್ರೂ ನನ್ನ ಬೊಂಬೆ ಕೊಂಡ್ರೆ ಅವರ ಮುಖ ನೋಡ್ತಿದ್ದೆ. ಈಗ ಕೈ ನೋಡ್ತೀನಿ. ಇವರೇನಾ ಕದಿಯೋರು ಅಂತ.”

“ಕಷ್ಟ ಅಲ್ವಾ ಹಾಗೆ ಬದುಕೋದು.”

“ನೀವು ಯಾಕೆ ನಕಲಿ ತಗೊಂಡ್ರಿ?” ಇಷ್ಟು ದಿನ ನುಂಗಿಟ್ಟಿದ್ದು ಹೊರಗೆ ಬಂತು. “ಆ ಗುಳಿ ಕಂಡವರಿಗೆ ಅಸಲಿ ಬೇಕು ಅನ್ನಿಸಲಿಲ್ವಾ?”

ಎದುರಿನ ಅಂಗಡಿಯವನು ಬಾಗಿಲು ಗುಡಿಸಿ, ನೀರು ಚಿಮುಕಿಸಿ, ಒಳಗೆ ಹೋದ.

“ನಕಲಿ ಇಟ್ಕೊಂಡವರೆಲ್ಲ ಕಳ್ಳರಲ್ಲ,” ಅಂದ ಕೊನೆಗೆ. “ಕೆಲವರಿಗೆ ಗೊತ್ತಿರಲ್ಲ. ಇನ್ನು ಕೆಲವರು ಯಾರ ಮೇಲೋ ಪ್ರೀತಿಗೆ ತಗೊಂಡಿರ್ತಾರೆ. ಕೈಲಿದ್ದ ದುಡ್ಡಿಗೆ ಸಿಗೋದನ್ನ.”

ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಅವನು ಯಾರ ಹೆಸರನ್ನೋ ಕಾಪಾಡುತ್ತಿದ್ದಾನೆ ಎನ್ನುವುದು ಮಾತ್ರ ಅರ್ಥವಾಯಿತು. ಅವಳಿಗೆ ಇನ್ನೊಂದೂ ಅರ್ಥವಾಯಿತು. ಅದನ್ನು ಅವಳು ಮನೆಯವರೆಗೂ ಯಾರಿಗೂ ಕಾಣದಂತೆ ಹೊತ್ತುಕೊಂಡು ಹೋದಳು. ಅವತ್ತೇ ಮಣ್ಣಿಗೆ ನೀರು ಹಾಕಿ ನಾದಲು ಕೂತಳು.

ಮಣ್ಣು ಹದಕ್ಕೆ ಬರುತ್ತಿದ್ದ ಒಂದು ಬೆಳಿಗ್ಗೆ, ಪಕ್ಕದ ಕೋಣೆಯಿಂದ ಅಮ್ಮ ಕೂಗಿದಳು.

“ಪುಟ್ಟೀ, ಸಣ್ಣ ತಂತಿ ಮುಗೀತು ಕಣೇ. ಆ ಕಡೆ ಹೋದ್ರೆ ತಗೊಂಬಾ.”

“ಯಾವ ಸಣ್ಣ ತಂತಿ?”

“ಅಜ್ಜಿ ಸೂಜಿದು. ಮೊದಲಿನ ತಂತಿ ಈಗ ಬೆರಳಲ್ಲಿ ಹೋಗಲ್ವಲ್ಲ. ಗಡಿಯಾರದ ಅಂಗಡಿಯಿಂದ ತಂದಿಟ್ಟಿದ್ದೆ, ಅದೂ ಖಾಲಿ.”

ಅವಳ ಕೈ ಮಣ್ಣಿನಲ್ಲೇ ನಿಂತಿತು. ಎದ್ದು ಬಂದಳು.

“ಯಾಕಮ್ಮಾ ಹೋಗಲ್ಲ?”

“ಹೊಸ ಅಚ್ಚಲ್ವಾ.” ಅಮ್ಮ ರೆಸಿನ್ ಕಲಸುತ್ತಲೇ ಹೇಳಿದಳು. “ನೀನು ಜ್ವರ ಬಂದು ಮಲಗಿದ್ದೆಯಲ್ಲ, ಆವಾಗ ಹಳೇ ಅಚ್ಚು ಹರಿದುಹೋಯ್ತು. ನಿನ್ನ ಮಣ್ಣಿನ ಬೊಂಬೆ ಮೊದಲ ಸಲ ಬಿಚ್ಚುವಾಗಲೇ ಪುಡಿಯಾಗಿತ್ತು. ಜನ ಕಾಯ್ತಿದ್ರು. ಪೆಟ್ಟಿಗೇಲಿದ್ದ ಒಂದು ಅಜ್ಜಿನ ತೆಗೆದು, ಅದರಿಂದಲೇ ಇನ್ನೊಂದು ಅಚ್ಚು ಮಾಡ್ಕೊಂಡೆ.”

“ಎರಕದಿಂದ ಅಚ್ಚಾ...?”

“ಅದರಲ್ಲೇನಿದೆ? ನಿನ್ನೆ ಮೊಸರು ತಗೊಂಡು ಇವತ್ತಿನ ಹಾಲಿಗೆ ಹೆಪ್ಪು ಹಾಕಲ್ವಾ? ಮೊಸರಿಂದ ಮೊಸರು, ಅಜ್ಜಿಯಿಂದ ಅಜ್ಜಿ.”

“ನನಗ್ಯಾಕೆ ಹೇಳಲಿಲ್ಲ?”

“ಹೆಪ್ಪು ಹಾಕಿದ್ದನ್ನೂ ಹೇಳ್ಕೊಂಡು ಓಡಾಡಬೇಕಾ?” ಅಮ್ಮ ತಲೆ ಎತ್ತಿದಳು. ಹೊಸ ಕನ್ನಡಕದಲ್ಲಿ ಮಗಳ ಮುಖ ಬಿಳಿಚಿಕೊಂಡದ್ದು ಸ್ಪಷ್ಟವಾಗಿ ಕಂಡಿತು. “ಯಾಕೆ ಪುಟ್ಟೀ? ತಪ್ಪಾಯ್ತಾ?”

ಅವಳು ತನ್ನ ಕಪಾಟಿನ ಖಾನೆ ಎಳೆದಳು. ಪರೀಕ್ಷೆಗೆಂದು ತರಿಸಿಟ್ಟಿದ್ದ ನಿಜವಾದ ನಕಲಿ ಅಲ್ಲಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು. ಮೂಗು ನುಣ್ಣಗಿತ್ತು, ಗುಳಿಗಳ ಸುಳಿವೇ ಇರಲಿಲ್ಲ. ಅಮ್ಮ ಈಗಷ್ಟೇ ಬಿಡಿಸಿದ ಅಜ್ಜಿಯನ್ನು ಹಿಡಿದಳು. ಸ್ವಲ್ಪ ಮಸುಕು, ಆದರೆ ಗುಳಿಗಳಿದ್ದವು. ಎರಡೂ.

ಅವನ ಅಜ್ಜಿಗೂ ಇದ್ದವು. ಆ ಗುಳಿಗಳನ್ನು ನೋಡಿಯೇ ಅವಳು ಅವನ ಮುಂದೆ ನಿಂತದ್ದು. ಅವು ಅವತ್ತೇ ಕೂಗಿ ಹೇಳಿದ್ದವು, ಇದು ನಿನ್ನ ಮನೆಯದೇ ಎಂದು. ಅವಳು ತಂತಿಯ ಮಾತು ಕೇಳಿದಳು, ಮೂಗಿನ ಮಾತು ಕೇಳಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಳು. ಹುಡುಕಿದ್ದಷ್ಟೇ ಅಲ್ಲ, ದಾರಿಯಲ್ಲಿ ಸಿಕ್ಕವನನ್ನು ಕಳ್ಳ ಎಂದಳು.

ಅವಳು ಕೈಯ ಮಣ್ಣನ್ನೂ ತೊಳೆಯದೆ ಅಂಗಡಿಗೆ ಓಡಿದಳು.

“ಅದು ನಕಲಿ ಅಲ್ಲ.” ಏದುಸಿರಿನಲ್ಲೇ ಹೇಳಿದಳು. “ನಮ್ಮನೆಯಿಂದಲೇ ಬಂದಿದ್ದು. ಆ ಸಣ್ಣ ತಂತೀನ ಪೆಟ್ಟಿಗೇಲಿ ಇಟ್ಟಿದ್ದು ನಮ್ಮಮ್ಮ. ನಾನು... ಅಷ್ಟು ಜನರ ಮುಂದೆ ನಿಮಗೆ...”

ಅವನ ಮುಖ ಅರಳುತ್ತದೆ ಎಂದು ಅವಳು ಎಣಿಸಿದ್ದಳು. ಅರಳಲಿಲ್ಲ. ಅವನು ಕೈಯಲ್ಲಿದ್ದ ಚೌಕಟ್ಟನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೂತ.

“ಅದನ್ನ ತಗೊಂಡಿದ್ದು ನಾನಲ್ಲ. ನಮ್ಮಕ್ಕ.”

“ಮತ್ತೆ ಅವತ್ತು...”

“ಅವಳು ಅಗ್ಗಕ್ಕೆ ಎಲ್ಲೋ ತಂದಿದಾಳೆ ಅಂದ್ಕೊಂಡೆ. ಮನಸ್ಸು ತಡೀಲಿಲ್ಲ, ಮೊನ್ನೆ ಕೇಳೇಬಿಟ್ಟೆ. ಅಕ್ಕಾ, ನಿಜ ಹೇಳು, ಎಲ್ಲಿ ತಂದೆ ಅಂತ.” ಅವನ ದನಿ ಒಡೆಯಿತು. “ಅವಳು ಎದ್ದು ಹೋಗಿ ಮಿಷನ್ ಮುಂದೆ ಕೂತಳು. ಆ ಪೆಟ್ಟಿಗೆ ದುಡ್ಡಿಗೋಸ್ಕರ ರಜಾದಿನಾನೂ ಮಿಷನ್ ತುಳಿದಿದ್ಲು ಅಂತ ಆಮೇಲೆ ಪಕ್ಕದ ಮನೆಯವರಿಂದ ಗೊತ್ತಾಯ್ತು. ಅವತ್ತಿಂದ ನನ್ನ ಜೊತೆ ಮಾತಿಲ್ಲ.”

ಅವಳು ಮಣ್ಣಾದ ಕೈಯನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡಳು.

“ನೀವು ನನ್ನನ್ನ ಕಳ್ಳ ಅಂದಿದ್ದಕ್ಕೆ ನನಗೆ ಬೇಜಾರಿರಲಿಲ್ಲ,” ಅಂದ. “ನಿಮ್ಮ ನೋವು ಗೊತ್ತಿತ್ತು. ಆದ್ರೆ ನಿಮ್ಮ ಮಾತು ನಂಬಿ ನಾನು ನಮ್ಮಕ್ಕನ್ನ... ಈಗ ಹೋಗಿ, ದಯವಿಟ್ಟು. ನನಗೆ ನಿಮ್ಮ ಮೇಲೆ ಸಿಟ್ಟು ಬರೋದು ಬೇಡ.”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಅವಳು ಬೀದಿಯಲ್ಲಿ ಅಳುತ್ತಲೇ ನಡೆದಳು. ಒರೆಸಿಕೊಂಡಾಗ ಕೆನ್ನೆಗೆಲ್ಲ ಮಣ್ಣಾಯಿತು. ಅವನು ಬೇಕು ಎಂದು ಅವಳಿಗೆ ನಿಚ್ಚಳವಾಗಿ ತಿಳಿದದ್ದು, ಅವನು ಹೋಗಿ ಅಂದ ಆ ಬೆಳಿಗ್ಗೆಯೇ.

ಸಂಘದ ಸಭೆಗೆ ಮುಂಚೆ ಅವಳು ಕಾರ್ಯದರ್ಶಿಯವರ ಬಳಿ ಹೋಗಿ ಎಲ್ಲ ಹೇಳಿದಳು. ಅವರು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು.

“ನೋಡಮ್ಮಾ, ಅವರನ್ನ ಸದ್ದಿಲ್ಲದೆ ವಾಪಸ್ ಸೇರಿಸ್ಕೊಳ್ಳೋಣ. ನೀನು ಎಲ್ಲರ ಮುಂದೆ ಇದನ್ನ ಹೇಳಬೇಡ. ಆ ನಕಲಿ ಮಾರೋನಿಗೆ ಅಷ್ಟೇ ಸಾಕು. ‘ಶಿಲ್ಪಿ ಮಾರೋದೂ ನಕಲಿನೇ’ ಅಂತ ನಾಳೆಯಿಂದ ಸಾರ್ತಾನೆ. ನಿನ್ನ ಹೆಸರೇ ಹೋಗುತ್ತೆ.”

“ಅವರ ಹೆಸರು ಎಲ್ಲರ ಮುಂದೆ ಹೋಯ್ತಲ್ಲ ಸಾರ್. ಸದ್ದಿಲ್ಲದೆ ಹೇಗೆ ವಾಪಸ್ ಬರುತ್ತೆ?”

ಸಭೆ ತುಂಬಿತ್ತು. ಅವಳು ಎದ್ದು ನಿಂತಳು. ಅಮ್ಮನ ಹೆಸರನ್ನು ಅವಳು ಎತ್ತಲಿಲ್ಲ.

“ಪ್ರದರ್ಶನದಲ್ಲಿ ನಾನು ನಕಲಿ ಅಂದ ಅಜ್ಜಿ ನಮ್ಮನೆಯಲ್ಲೇ ಎರೆದದ್ದು. ನಮ್ಮ ಅಚ್ಚು ಹರಿದಾಗ ಎರಕದಿಂದಲೇ ಇನ್ನೊಂದು ಅಚ್ಚಾಯ್ತು. ಹಾಗಾಗಿ ಒಂದೆಳೆ ಚಿಕ್ಕದು. ನನ್ನ ಕೆಲಸ, ನನಗೇ ಗೊತ್ತಿರಲಿಲ್ಲ. ನಾನು ಹೇಳಿದ ತಂತಿ ಗುರುತು ಸುಳ್ಳು. ಆ ಕನ್ನಡಕದ ಅಂಗಡಿಯವರು ಯಾವ ತಪ್ಪೂ ಮಾಡಿಲ್ಲ.”

ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಅಂಚೆಯಣ್ಣ ಮೆಲ್ಲಗೆ ಕೈ ಎತ್ತಿದರು.

“ನನ್ನ ಪೆಟ್ಟಿಗೇಲಿ ಇದ್ದಿದ್ದು ದಪ್ಪ ತಂತಿನೇ, ಬೆರಳಲ್ಲಿ ಹೋಗ್ತಿರಲಿಲ್ಲ. ನೀವು ಬರೆದಿದ್ದು ಓದಿ ಸುತ್ತಿಗೆ ತಗೊಂಡು ಒಡೆದುಹಾಕಿದೆ. ನಿಮ್ಮ ಪರ ನಿಂತ ಹಾಗಾಯ್ತು ಅಂತ ಸಂತೋಷ ಪಟ್ಟಿದ್ದೆ.”

“ಇನ್ನೊಂದು ಮಾಡಿಕೊಡ್ತೀನಿ ಅಣ್ಣಾ...”

“ಮಾಡಿಕೊಡ್ತೀರಿ. ಬಣ್ಣ ಹಚ್ಚೋಕೆ ಆ ಚಳಿಗಾಲ ಪೂರ್ತಿ ಹಿಡಿದಿತ್ತು. ಅದು ಬರಲ್ಲ.” ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು.

“ಹಾಗಾದ್ರೆ ಇನ್ನು ನಕಲಿ ಹಿಡಿಯೋದು ಹೇಗೆ?” ಇನ್ಯಾರೋ ಕೇಳಿದರು.

“ಮೂಗು ನೋಡಿ. ಎರಡು ಗುಳಿ ಇವೆ, ನಕಲೀಲಿ ಇರಲ್ಲ.” ಅವಳು ಉಸಿರು ತೆಗೆದುಕೊಂಡಳು. “ಆದ್ರೆ ಅದಕ್ಕೂ ಮುಂಚೆ, ಬೊಂಬೆ ತಂದವರನ್ನ ಕೂರಿಸಿ ಕೇಳಿ. ನಕಲಿ ಮಾಡೋನು ನನ್ನ ಅಜ್ಜಿನ ಕದ್ದ, ನಿಜ. ಆದ್ರೆ ನಿಮ್ಮ ಮೇಲೆ ನನಗಿದ್ದ ನಂಬಿಕೇನ ಅವನು ಕದೀಲಿಲ್ಲ. ಅದನ್ನ ನಾನೇ ಕೈಯಾರೆ ಕಳ್ಕೊಂಡೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಬ್ಬರು ಎದ್ದು ಹೊರಟುಹೋದರು. ಒಬ್ಬರು, “ದುಡ್ಡು ವಾಪಸ್ ಕೊಡ್ತೀರಾ?” ಎಂದರು. ಕೊಡುತ್ತೇನೆ ಎಂದಳು. ತಲೆ ತಗ್ಗಿಸಿ ಬಾಗಿಲ ಕಡೆ ನಡೆದಾಗ ಯಾರೋ ಅಡ್ಡ ನಿಂತರು.

ಹೆಗಲಿಗೆ ಅಳತೆಪಟ್ಟಿ ಹಾಕಿಕೊಂಡ ಹೆಂಗಸು. ಅವರ ಹಿಂದೆ, ಬೈಸಿಕೊಂಡ ಮಗುವಿನ ಹಾಗೆ ಅವನು.

“ನೀನೇನಾ ಅಜ್ಜಿ ಮಾಡಿದ್ದು?”

“ಹೌದು. ನೀವು... ನನ್ನಿಂದ ನಿಮಗೆ...”

“ಆಯ್ತು, ಆಯ್ತು. ಎಲ್ಲ ಕೇಳಿಸ್ಕೊಂಡೆ.” ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ಬಟ್ಟೆ ಅಳೆಯುವ ಹಾಗೆ ನೋಡಿದಳು. “ಇವನು ನನ್ನ ಕಾಲ ಹತ್ರ ಕೂತು ಅಕ್ಕಾ ತಪ್ಪಾಯ್ತು ಅಂತ ಅತ್ತ. ಆಮೇಲೆ ನಿನ್ನ ಕಳಿಸಿಬಿಟ್ಟೆ ಅಂತ ಇನ್ನೊಂದು ರೌಂಡು ಅತ್ತ. ಮೊದಲನೇ ಅಳು ಸರಿ. ಎರಡನೇದು ಯಾಕೆ ಅಂತ ನೋಡೋಕೆ ಬಂದೆ.”

“ಅಕ್ಕಾ...” ಅವನು ಗೊಣಗಿದ.

“ನೀನು ಸುಮ್ನಿರೋ. ಮಾತಾಡಬೇಕಾದಾಗ ಬಾಯಿ ಹೊಲ್ಕೊಂಡು ನಿಂತಿದ್ದೆ.” ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸಿ, “ಅಷ್ಟು ಜನರ ಮುಂದೆ ನಿಂತು ಹೇಳಿದೆಯಲ್ಲ... ಅದು ಸಣ್ಣ ಕೆಲಸ ಅಲ್ಲ ಕಣಮ್ಮ,” ಅಂದಳು.

ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಅವಳಿಗೆ ಆಗ ಬಂತು.

ಮುಂದಿನ ಭಾನುವಾರ ಅಕ್ಕ ತಮ್ಮ ಇಬ್ಬರೂ ಅವಳ ಮನೆಗೆ ಬಂದರು. ಅಮ್ಮನ ಕನ್ನಡಕಕ್ಕೆ ಮತ್ತೇನೋ ಆಗಿದೆಯಂತೆ ಎಂಬ ನೆಪ. ಏನೂ ಆಗಿರಲಿಲ್ಲ, ನೆಪ ಹುಡುಕಿ ಹೇಳಿಕಳಿಸಿದವಳು ಅಮ್ಮನೇ. ನಡೆದದ್ದೆಲ್ಲ ಮಗಳಿಂದ ತಿಳಿದ ಮೇಲೆ ಅವಳು ಎರಡು ದಿನ ಸಪ್ಪಗಿದ್ದಳು, ಮೂರನೆಯ ದಿನ ಕೆಲಸಕ್ಕಿಳಿದಿದ್ದಳು.

ಕೆಲಸದ ಕೋಣೆಯಲ್ಲಿ ಅವನು ಹಳದಿ ಬಟ್ಟೆ ಬಿಚ್ಚಿ ಅಜ್ಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳು ಒಂದು ಪೆಟ್ಟಿಗೆ ತಂದು ಅವನ ಮುಂದೆ ಹಿಡಿದಳು.

“ಇದು ಮೊದಲನೇ ಅಚ್ಚಿಂದು. ನನಗೆ ಅಂತ ಇಟ್ಕೊಂಡಿದ್ದ ಒಂದೇ ಒಂದು. ಇದನ್ನ ತಗೊಳ್ಳಿ. ಅದನ್ನ ಕೊಟ್ಟುಬಿಡಿ.”

“ಬೇಡ.”

“ಇದು ಅಸಲಿ.”

“ಇದೂ ಅಸಲಿನೇ. ಅಕ್ಕ ರಜಾ ಬಿಟ್ಟು ಹೊಲಿದು ಕೊಂಡಿದ್ದು, ನಿಮ್ಮಮ್ಮ ಎರೆದಿದ್ದು, ನೀವು ಮಾಡಿದ್ದು. ಇದರಲ್ಲಿ ನಕಲಿ ಯಾವುದು?” ಅವನು ಅಜ್ಜಿಯ ಬೆರಳಲ್ಲಿದ್ದ ಸಣ್ಣ ಸೂಜಿಯನ್ನು ಮುಟ್ಟಿದ. “ನಮ್ಮನೆ ಅಜ್ಜಿ ಒಂದೆಳೆ ಚಿಕ್ಕವರು. ಅಷ್ಟೇ.”

ಅವಳು ಪೆಟ್ಟಿಗೆ ಕೆಳಗಿಟ್ಟಳು. ನಾದಿದ ಮಣ್ಣಿನಲ್ಲಿ ಅರ್ಧ ಮೂಡಿದ್ದ ಹೊಸ ಬೊಂಬೆಯ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಅವನ ಕಣ್ಣು ಅತ್ತ ಹೋಯಿತು.

“ಅದ್ಯಾರು?”

“ನೋಡಬೇಡಿ. ಇನ್ನೂ ಆಗಿಲ್ಲ.”

“ಕೈ ಮಾತ್ರ ಕಾಣ್ತಿದೆ. ಕನ್ನಡಕ ಒರೆಸ್ತಾ ಇದಾನೆ ಅಲ್ವಾ?”

ಅವಳ ಕೆನ್ನೆ ಕೆಂಪಾಯಿತು. ಆ ಕೆಂಪಿಗೆ ಬಣ್ಣದ ಡಬ್ಬಿಯ ನೆರವು ಬೇಕಿರಲಿಲ್ಲ.

“ಇದನ್ನೂ ಯಾರಾದ್ರೂ ಕದ್ದು ಅಚ್ಚು ಮಾಡ್ತಾರೆ,” ಅಂದಳು ಮೆಲ್ಲಗೆ.

“ಮಾಡ್ಲಿ. ಮುಖ ಸವೆಯುತ್ತೆ, ಮೂಗು ಹೋಗುತ್ತೆ. ನಿಮ್ಮ ಹತ್ರ ಪೂರ್ತಿ ಮನುಷ್ಯ ಇರ್ತಾನಲ್ಲ.”

ಅವಳಿಗೆ ಆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ತಲೆ ಎತ್ತಲು ಇನ್ನೊಂದು ಗಳಿಗೆ.

“ಇರ್ತೀರಾ?”

“‘ಇರ್ತೀಯಾ’ ಅಂದ್ರೆ ಇರ್ತೀನಿ.”

ಬಾಗಿಲಾಚೆ ಅಕ್ಕ ಕತ್ತು ಉದ್ದ ಮಾಡಿ ಒಳಗೆ ಇಣುಕಲು ಹೊರಟಳು. ಅಮ್ಮ ಅವಳ ಸೆರಗು ಹಿಡಿದು ಎಳೆದಳು.

“ಬಾರಮ್ಮ ಈಚೆಗೆ. ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು.”

ಒಳಗೆ ಅವಳು ಮಣ್ಣಾದ ತನ್ನ ಕೈಯನ್ನು ನೋಡಿಕೊಂಡಳು, ಒರೆಸಿಕೊಳ್ಳಲೋ ಬೇಡವೋ ಎಂದು. ಅವನು ಒರೆಸಿಕೊಳ್ಳಲು ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡ.

“ಇರ್ತೀಯಾ?” ಅವಳು ಕೇಳಿದಳು.

“ಇರ್ತೀನಿ. ಆದ್ರೆ ಒಂದು ಮಾತು.”

“ಏನು?”

“ನನ್ನ ಮೂಗು ನೋಡಿ ಮಾಡು. ತಂತಿ ಇಟ್ಟು ಅಳೀಬೇಡ.”